ಹೊಟ್ಟೆ ಎಂಬ ಮಾತು

ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತುಗಳಲ್ಲಿ 'ಹೊಟ್ಟೆ' ಎಂಬುದೊಂದು. ಬಳಕೆ ಹೆಚ್ಚಾದುದರಿಂದಲೇ ಅದರ ಬೆಲೆ ನಮಗೆ ತೋರದೆ ಹೋಗಿದೆ. ಉಂಡ ಅನ್ನವನ್ನು ಅರಗಿಸುವ ಒಂದು ಅಂಗದ ಹೆಸರಿಗೆ ಹಿರಿಯರು ಎಷ್ಟು ಅರ್ಥಗಳ ಹೊರೆಯನ್ನು ಹೊರಿಸಿರುವರೆಂಬುದನ್ನು ವಾಚಕರೊಡನೆ ಕೊಂಚ ವಿಚಾರಿಸೋಣ.

ಇದು ಅಚ್ಚಗನ್ನಡದ ಮಾತು. ಹಿಂದೆ 'ಪೊಟ್ಟೆ' ಎಂದಿದ್ದುದು, 'ಪಾಲ್' ಎಂಬುದು 'ಹಾಲು' ಆದಂತೆ, 'ಹೊಟ್ಟೆ' ಆಯಿತು. ನೆರೆಯ ತೆಲುಗಿನ 'ಪೊಟ್ಟ'ದಲ್ಲಿ ಪಕಾರವು ಇಂದಿಗೂ ಉಳಿದಿದೆ.

ಹೊಟ್ಟೆಯೆಂದರೆ ಮೊದಲು ಜೀವನೋಪಾಯ. ದುಡಿಮೆಯು 'ಹೊಟ್ಟೆಪಾಡು'. ಒಬ್ಬನ ಕೆಲಸವನ್ನು ತಪ್ಪಿಸಿದರೆ 'ಅವನ ಹೊಟ್ಟೆಯ ಮೇಲೆ ಹೊಡೆದರು' ಎನ್ನುವೆವು. ಮೈಯನ್ನು ಮುಟ್ಟದಿದ್ದರೂ ಪೆಟ್ಟು ಬಿದ್ದಿತೆಂದೇ ಭಾಷೆಯ ತೀರ್ಪು. ವರಮಾನವಿಲ್ಲದೆ ಆಡಂಬರ ಮಾಡುವವರಿಗೋ, 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಎಂಬ ಗಾದೆ ಸಿದ್ಧವಾಗಿಯೇ ಇದೆ.

ಹೊಟ್ಟೆಯು ಬೆಂಕಿಯ ಮನೆಯೂ ಹೌದು. ಪರರ ಏಳಿಗೆಯನ್ನು ಸಹಿಸದವನದು 'ಹೊಟ್ಟೆಕಿಚ್ಚು'. ಹಸಿವಿನ ಬೆಂಕಿ ತುತ್ತು ಅನ್ನದಿಂದ ಆರುವುದು. ಇದು ಎಷ್ಟು ಉಂಡರೂ ಆರದು. 'ಹೊಟ್ಟೆ ಉರಿಯುತ್ತದೆ' ಎಂದು ಮತ್ಸರಿಯನ್ನು ಕುರಿತೂ ಹೇಳುವರು. ಮಗುವನ್ನು ಕಳೆದುಕೊಂಡ ತಾಯಿಯೂ ಹಾಗೆಯೇ ಹೇಳುವಳು. ಮಾತು ಒಂದೇ, ಭೇದವನ್ನು ದನಿಯಿಂದ ತಿಳಿಯಬೇಕು.

ಈ ಬೆಂಕಿಗೆ ಎದುರಾದ ಹರಕೆಯೇ 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂಬುದು. ಅನ್ನವಿಕ್ಕಿದ ಗೃಹಿಣಿಯನ್ನು ಉಂಡವರು ಹೀಗೆ ಹರಸುವಾಗ, ಆಕೆಗೆ ಊಟ ದೊರೆಯಲೆಂಬುದಷ್ಟೇ ಅಭಿಪ್ರಾಯವಲ್ಲ. ಮಕ್ಕಳು ಸುಖವಾಗಿರಲೆಂಬುದೂ ಸೇರಿದೆ. ಏಕೆಂದರೆ ಹೊಟ್ಟೆಯೆಂದರೆ ಬಸಿರೂ ಹೌದು. ಸಂಸ್ಕೃತದ 'ಸಹೋದರ' ಶಬ್ದದಲ್ಲಿಯೂ ಅಡಗಿರುವುದು ಉದರವೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂಬುದು ಅದರ ಅರ್ಥ.

ಇವೆಲ್ಲಕ್ಕಿಂತಲೂ ಹಿರಿದಾದ ಪ್ರಯೋಗ ಒಂದುಂಟು: 'ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ.' ಈಗ 'ಸಾರಿ' ಎಂದು ಹೇಳಿ ಮುಗಿಸುವ ರೂಢಿ ಹೆಚ್ಚುತ್ತಿದೆ. 'ಕ್ಷಮಿಸಿ' ಎಂದರೆ ಸಹಿಸಿಕೊಳ್ಳಿ ಎಂದರ್ಥ. ಸಹಿಸಿದ್ದು ಮನಸ್ಸಿನ ಮೂಲೆಯಲ್ಲಿ ಉಳಿದಿರಲೂಬಹುದು. ಹೊಟ್ಟೆಗೆ ಹಾಕಿಕೊಂಡದ್ದು ಅರಗಿಹೋಗಬೇಕು, ತಿರುಗಿ ಬಾಯಿಗೆ ಬರಬಾರದು. ತಪ್ಪು ಮಾಡಿದವನು ಇಲ್ಲಿ ತನ್ನ ತಪ್ಪನ್ನು ಸಣ್ಣದೆನ್ನುವುದಿಲ್ಲ. ಅದನ್ನು ಅರಗಿಸುವ ಕಷ್ಟ ನಿಮ್ಮದೆಂದು ಒಪ್ಪಿಕೊಂಡೇ ಬೇಡುತ್ತಾನೆ.

ಅತ್ತೆ ಸೊಸೆಯರು, ಅಣ್ಣತಮ್ಮಂದಿರು ಕೂಡಿ ಬಾಳುವ ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದು ಸಹಜ. ಹತ್ತು ವರ್ಷಗಳ ಹಿಂದಿನ ಮಾತನ್ನು ಹಬ್ಬದ ದಿನ ಎತ್ತಿ ಆಡಿದರೆ, ಅಂದು ಕ್ಷಮಿಸಿದ್ದು ಬಾಯಿಮಾತಿಗೆ ಮಾತ್ರವೆಂದಾಯಿತು. ಬೇಡುವವರು ಈ ನುಡಿಯನ್ನು ಆಡಲು ನಾಚಬಾರದು. ಕೇಳಿದವರು ಅದರ ಅರ್ಥವನ್ನು ನಡೆಸಿಕೊಡಬೇಕು. ಹಾಗಾದಲ್ಲಿ ಎರಡು ಕಡೆಯ ಹೊಟ್ಟೆಯೂ ತಣ್ಣಗಿರುವುದು.