ಎ.ಐ. ಏಜೆಂಟ್ ಮತ್ತು ಸಂಘದ ಲೆಕ್ಕ: ಜೋಡಣೆಗೊಂದು ಮುಕ್ತ ಮಾನಕ

ಒಂದು ಕಂಪನಿಯ ಟ್ರ್ಯಾಕ್ಟರಿಗೆ ಇನ್ನೊಂದು ಕಂಪನಿಯ ನೇಗಿಲು ಅಥವಾ ಕಲ್ಟಿವೇಟರನ್ನು ಜೋಡಿಸಬಹುದು. ಒಂದೇ ವರ್ಗದ ಮೂರು ಬಿಂದು ಜೋಡಣೆಯ ಅಳತೆಗಳನ್ನು ಐ.ಎಸ್.ಓ. 730 ಎಂಬ ಅಂತರರಾಷ್ಟ್ರೀಯ ಮಾನಕ ಗೊತ್ತುಪಡಿಸಿರುವುದೇ ಇದಕ್ಕೆ ಕಾರಣ. ಎ.ಐ. ಏಜೆಂಟ್‌ಗಳನ್ನು ಸಂಸ್ಥೆಗಳ ಕಂಪ್ಯೂಟರ್ ದಾಖಲೆಗಳಿಗೆ ಜೋಡಿಸಲೂ ಇಂಥದೇ ಮಾನಕವೊಂದು ಈಗ ಬಳಕೆಗೆ ಬಂದಿದೆ.

ಏಜೆಂಟ್ ಎಂದರೇನು?

ಪ್ರಶ್ನೆಗೆ ಉತ್ತರಿಸುವುದಲ್ಲದೆ, ಒಪ್ಪಿಸಿದ ಕೆಲಸವನ್ನು ಹಂತಹಂತವಾಗಿ ಮಾಡುವ ಎ.ಐ. ವ್ಯವಸ್ಥೆಗೆ ಏಜೆಂಟ್ ಎನ್ನುತ್ತಾರೆ. ಆದರೆ ಹಾಲು ಉತ್ಪಾದಕರ ಸಂಘದಲ್ಲಿ ಯಾವ ಸದಸ್ಯರಿಗೆ ಎಷ್ಟು ಹಣ ಬಾಕಿ ಎಂಬುದು ಅದಕ್ಕೆ ತಾನಾಗಿ ತಿಳಿಯದು. ಅದು ಸಂಘದ ಲೆಕ್ಕವನ್ನು ನೋಡಲೇಬೇಕು.

ಹಿಂದಿನ ತೊಡಕು

ಮೊದಲು ಪ್ರತಿ ಏಜೆಂಟನ್ನು ಪ್ರತಿ ದಾಖಲೆ ವ್ಯವಸ್ಥೆಗೆ ಜೋಡಿಸಲು ಪ್ರತ್ಯೇಕ ಕೊಂಡಿ ಬರೆಯಬೇಕಾಗಿತ್ತು. 4 ಏಜೆಂಟ್, 6 ವ್ಯವಸ್ಥೆ ಇದ್ದರೆ 24 ಕೊಂಡಿ. ಎಲ್ಲವೂ ಒಂದೇ ಮಾನಕವನ್ನು ಅನುಸರಿಸಿದರೆ 10 ಸಾಕು.

ಎಂ.ಸಿ.ಪಿ.

ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಈ ಮಾನಕವನ್ನು ಅಮೆರಿಕದ ಆಂಥ್ರೊಪಿಕ್ ಕಂಪನಿ ನವೆಂಬರ್ 2024ರಲ್ಲಿ ಪ್ರಕಟಿಸಿತು. 2025ರಲ್ಲಿ ಓಪನ್ ಎ.ಐ. ಮತ್ತು ಗೂಗಲ್ ಕೂಡ ಇದನ್ನು ಒಪ್ಪಿಕೊಂಡವು. ಅದೇ ವರ್ಷ ಡಿಸೆಂಬರಿನಲ್ಲಿ ಇದನ್ನು ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಒಪ್ಪಿಸಲಾಯಿತು.

ಇದರಲ್ಲಿ ದಾಖಲೆಯ ಕಡೆ ಒಂದು ಸರ್ವರ್, ಏಜೆಂಟಿನ ಕಡೆ ಒಂದು ಕ್ಲೈಂಟ್ ಇರುತ್ತದೆ. ತಾನು ಯಾವ ಮಾಹಿತಿ ಕೊಡಬಲ್ಲೆ, ಯಾವ ಕೆಲಸ ಮಾಡಬಲ್ಲೆ ಎಂಬ ಪಟ್ಟಿಯನ್ನು ಸರ್ವರ್ ಮುಂದಿಡುತ್ತದೆ. ಅದರಲ್ಲಿ ಬೇಕಾದುದನ್ನು ಏಜೆಂಟ್ ಕ್ಲೈಂಟಿನ ಮೂಲಕ ಕೇಳುತ್ತದೆ. ಮುಂದೆ ಏಜೆಂಟನ್ನು ಬದಲಾಯಿಸಿದರೂ ಸರ್ವರನ್ನು ಹೊಸದಾಗಿ ಬರೆಯಬೇಕಾಗಿಲ್ಲ.

ವಹಿಸಬೇಕಾದ ಎಚ್ಚರಿಕೆ

ಕೊಂಡಿ ಸರಿಯಾಗಿದ್ದ ಮಾತ್ರಕ್ಕೆ ಉಳುಮೆ ಸರಿಯಾಗದು. ನೇಗಿಲು ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಚಾಲಕನೇ ನಿರ್ಧರಿಸಬೇಕು. ಇಂಥ ಜೋಡಣೆಗೆ ಮುಂದಾಗುವ ಸಂಘಗಳು ಈ ಕ್ರಮಗಳನ್ನು ಅನುಸರಿಸಬೇಕು:

1. ಮೊದಲು ದಾಖಲೆ ಓದಲು ಮಾತ್ರ ಅನುಮತಿ ಕೊಡಬೇಕು. ಅದೂ ಕೆಲಸಕ್ಕೆ ಬೇಕಾದಷ್ಟೇ.

2. ಹಣ ಪಾವತಿ ಹಾಗೂ ಲೆಕ್ಕದ ತಿದ್ದುಪಡಿಗೆ ಪ್ರತಿ ಸಲವೂ ಕಾರ್ಯದರ್ಶಿಯ ಒಪ್ಪಿಗೆ ಇರಬೇಕು.

3. ಕಡತದೊಳಗೆ ಯಾರಾದರೂ ಸೇರಿಸಿದ ಮೋಸದ ಸೂಚನೆಯನ್ನು ಏಜೆಂಟ್ ಆಜ್ಞೆಯೆಂದು ತಿಳಿದು ನಡೆಯಬಹುದು. ಆದ್ದರಿಂದ ಹೊರಗಿನಿಂದ ಬಂದ ಕಡತಗಳನ್ನು ನಂಬಿ ಕೆಲಸ ಒಪ್ಪಿಸಬಾರದು. ಗೊತ್ತಿಲ್ಲದವರ ಸರ್ವರನ್ನು ಜೋಡಿಸಬಾರದು.

4. ಏಜೆಂಟ್ ಏನು ನೋಡಿತು, ಏನು ಮಾಡಿತು ಎಂಬ ದಿನವಹಿ ಇಟ್ಟು ಆಗಾಗ ಪರಿಶೀಲಿಸಬೇಕು.

ಮಾನಕ ಮುಕ್ತವಾಗಿದೆ ಎಂದರೆ ಅದನ್ನು ಯಾರು ಬೇಕಾದರೂ ಬಳಸಬಹುದು ಎಂದರ್ಥ. ಸದಸ್ಯರ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು ಎಂದಲ್ಲ. ಯಾರಿಗೆ ಎಷ್ಟು ತೋರಿಸಬೇಕೆಂಬುದನ್ನು ಸಂಘದ ಆಡಳಿತ ಮಂಡಳಿಯೇ ಮೊದಲು ತೀರ್ಮಾನಿಸಿ, ಅನಂತರ ಜೋಡಣೆಗೆ ತೊಡಗುವುದು ಒಳ್ಳೆಯದು.