ಪಿತ್ರಾರ್ಜಿತದ ಡಂಗುರ

ಸುರಪುರ ಸೀಮೆಯ ಕೃಷ್ಣಾತೀರದವರಿಗೆ ಮಳೆಗಾಲದಲ್ಲಿ ಒಂದು ಸುದ್ದಿ ಎಲ್ಲಕ್ಕಿಂತ ಮುಖ್ಯವಾದುದು: ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೋ ಇಲ್ಲವೋ. ತಿಂಥಣಿಯಂಥ ಊರಿಗೆ ಆ ಸುದ್ದಿ ನೀರಿಗಿಂತ ಮೊದಲು ಮುಟ್ಟಬೇಕು. ಗಣಕಯಂತ್ರದ ಭಾಷೆಗಳಲ್ಲಿ ‘ಘಟನೆ’ ಎಂಬ ಪಾರಿಭಾಷಿಕ ಪದ ಸಲ್ಲುವುದು ಇಂಥ ಸುದ್ದಿಗೇ. ಎಲ್ಲಿಯೋ ಏನೋ ನಡೆಯುತ್ತದೆ; ಮೊದಲೇ ಹೆಸರು ಬರೆಸಿಟ್ಟವರಿಗೆಲ್ಲ ಅದು ತಿಳಿಯುತ್ತದೆ.

ಈ ಭಾಷೆಗಳಲ್ಲಿ ವರ್ಗಗಳುಂಟು, ವರ್ಗಗಳಿಗೆ ವಂಶವುಂಟು. ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ರೂಪಿಸಿದ ಸಿಮ್ಯುಲಾ 67ರಿಂದ ಬೆಳೆದುಬಂದ ಕಲ್ಪನೆಯಿದು. ‘ಅಣೆಕಟ್ಟು’ ಎಂಬುದನ್ನು ಮೂಲವರ್ಗವೆಂದೂ ‘ಬಾಗಿಲುಳ್ಳ ಅಣೆಕಟ್ಟು’ ಎಂಬುದನ್ನು ಅದರ ಜನ್ಯವರ್ಗವೆಂದೂ ಇಟ್ಟುಕೊಳ್ಳುತ್ತೇನೆ. ಮೂಲದಲ್ಲಿ ‘ನೀರು ಬಿಟ್ಟಿತು’ ಎಂಬ ಘಟನೆಯಿದ್ದರೆ ಅದು ಜನ್ಯಕ್ಕೂ ಪಿತ್ರಾರ್ಜಿತವಾಗಿ ಬರುತ್ತದೆ. ಆದರೆ 2000ದಲ್ಲಿ ಮೈಕ್ರೋಸಾಫ್ಟ್ ಲೋಕದ ಮುಂದಿಟ್ಟ ಸಿ-ಶಾರ್ಪ್ ಭಾಷೆಯಲ್ಲಿ ಒಂದು ಕಟ್ಟಳೆಯಿದೆ. ಮಗನು ಆ ಘಟನೆಗೆ ಕೇಳುಗನಾಗಿ ಹೆಸರು ಬರೆಸಬಹುದು, ಅಳಿಸಬಹುದು. ನೇರವಾಗಿ ತಾನೇ ಸಾರುವಂತಿಲ್ಲ. ಡಂಗುರ ಮನೆತನದ್ದು, ಕೋಲು ಮಾತ್ರ ತಂದೆಯ ಕೈಯಲ್ಲಿ.

ಇದನ್ನು ನಾನು ಜಿಪುಣತನವೆನ್ನಲಾರೆ. ಕೋಲು ಕಂಡಕಂಡವರ ಕೈಗೆ ಸಿಕ್ಕರೆ ನೀರು ಬಿಡದೆಯೂ ಡಂಗುರ ಹೊಡೆದಾರು. ಎರಡು ಸಲ ಸುಳ್ಳಾದ ಎಚ್ಚರಿಕೆಯನ್ನು ಮೂರನೆಯ ಸಲ ನಂಬುವವರಾರು?

ಹಾಗಾದರೆ ಬಾಗಿಲೆತ್ತಬಲ್ಲ ಮಗನ ಗತಿಯೇನು? ತಂದೆಯು ಕೋಲನ್ನು ಮನೆಯೊಳಗಿನ ಗೂಟಕ್ಕೆ ತೂಗಹಾಕಿರಬೇಕು. ಎಂದರೆ, ಘಟನೆಯನ್ನು ಸಾರುವ ಒಂದು ವಿಧಿಯನ್ನು ಮೂಲವರ್ಗದಲ್ಲಿಯೇ ಬರೆದು, ಹೊರಗಿನವರಿಗೆ ಮುಚ್ಚಿ, ವಂಶದವರಿಗೆ ತೆರೆದಿಡಬೇಕು. ಇದಕ್ಕೆ ‘ಪ್ರೊಟೆಕ್ಟೆಡ್’ ಎಂದು ಹೆಸರು. ಜೊತೆಗೆ ‘ವರ್ಚುಯಲ್’ ಎಂದೂ ಸೇರಿಸಿದರೆ ಜನ್ಯವರ್ಗವು ಆ ವಿಧಿಯನ್ನು ತನಗೆ ಬೇಕಾದಂತೆ ತಿದ್ದಿ ಬರೆಯಬಹುದು: ಎಷ್ಟು ಕ್ಯೂಸೆಕ್ ಬಿಟ್ಟಿತೆಂದು ಮೊದಲು ದಾಖಲಿಸಿ, ಆಮೇಲೆ ಮೂಲವಿಧಿಯನ್ನು ಕರೆದು ಸಾರಿಸಬಹುದು.

ಅಪಾಯವಿರುವುದೂ ಇಲ್ಲಿಯೇ. ತಿದ್ದಿ ಬರೆದವನು ಮೂಲವಿಧಿಯನ್ನು ಕರೆಯುವುದನ್ನೇ ಮರೆತರೆ ಯಂತ್ರವು ದೋಷವೆಂದು ತಡೆಯುವುದಿಲ್ಲ. ದಾಖಲೆ ಅಚ್ಚುಕಟ್ಟಾಗಿ ಆಗುತ್ತದೆ, ಡಂಗುರ ಮೊಳಗುವುದಿಲ್ಲ; ಹೆಸರು ಬರೆಸಿಟ್ಟ ಊರುಗಳು ಮಲಗಿಯೇ ಇರುತ್ತವೆ. ಮಗನು ಅದೇ ಹೆಸರಿನ ಹೊಸ ಘಟನೆಯೊಂದನ್ನು ಸಾಕಿಕೊಂಡರೂ ಇದೇ ಪಾಡಾದೀತು: ಡಂಗುರ ಎರಡಾಗಿ, ಕೇಳುಗರು ಒಂದಕ್ಕೆ ಕಿವಿಗೊಟ್ಟು ಕಾದಿರುವಾಗ ಸದ್ದು ಇನ್ನೊಂದರಲ್ಲಿ ಏಳುತ್ತದೆ.

ಪಿತ್ರಾರ್ಜಿತಕ್ಕೆ ಹೊಸದನ್ನು ಸೇರಿಸುವ ಹಕ್ಕು ಮಗನಿಗುಂಟು. ತಂದೆಯನ್ನು ನಂಬಿ ಹೆಸರು ಬರೆಸಿದವರ ಋಣವೂ ಆ ಆಸ್ತಿಯೊಡನೆಯೇ ಅವನಿಗೆ ಬಂದಿರುತ್ತದೆ.