ಮುಂಬಯಿಯ ಜನಸಂಖ್ಯೆಯೂ ನಗರದ ಹಬ್ಬುಗೆಯೂ

ಮುಂಬಯಿ ದಿನದಿನಕ್ಕೆ ಬೆಳೆಯುತ್ತಿದೆ, ಜನ ತುಂಬಿ ತುಳುಕುತ್ತಿದ್ದಾರೆ ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಸಂಜೆಯ ಲೋಕಲ್ ಗಾಡಿಯ ಬಾಗಿಲಲ್ಲಿ ಒಂದು ಕಾಲೂರಲು ಸ್ಥಳ ಹುಡುಕುವವನಿಗೆ ಈ ಮಾತಿಗೆ ಬೇರೆ ಪುರಾವೆ ಬೇಕಾಗಿಲ್ಲ. ಆದರೆ ಜನಗಣತಿಯ ಪುಟಗಳನ್ನು ತೆರೆದು ನೋಡಿದವರಿಗೆ ಒಂದು ವಿಸ್ಮಯ ಕಾದಿದೆ. ಕೊಲಾಬಾದಿಂದ ಮಾಹೀಮ, ಸಾಯನ್‌ಗಳ ವರೆಗಿನ ಮೂಲ ದ್ವೀಪನಗರದಲ್ಲಿ 1971ರಲ್ಲಿ 30.70 ಲಕ್ಷ ಜನರಿದ್ದರು. ನಾಲ್ವತ್ತು ವರ್ಷಗಳ ಅನಂತರ, 2011ರಲ್ಲಿ, ಅಲ್ಲಿದ್ದವರು 30.85 ಲಕ್ಷ. ಅಷ್ಟೇ ಅಲ್ಲ, 2001ರಿಂದ 2011ರ ವರೆಗಿನ ಒಂದೇ ದಶಕದಲ್ಲಿ ದ್ವೀಪನಗರವು ಎರಡೂವರೆ ಲಕ್ಷ ಜನರನ್ನು ಕಳೆದುಕೊಂಡಿತು. ಆ ನಾಲ್ವತ್ತು ವರ್ಷಗಳಲ್ಲಿ ಬಾಂದ್ರಾ, ಕುರ್ಲಾಗಳಿಂದ ದಹಿಸರ, ಮುಲುಂಡಗಳ ವರೆಗಿನ ಉಪನಗರಗಳು ಮಾತ್ರ 29 ಲಕ್ಷದಿಂದ 93.57 ಲಕ್ಷಕ್ಕೆ ಏರಿದವು. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯದೆ ಹೋದುದರಿಂದ 2011ರ ಅಂಕಿಗಳನ್ನೇ ನಾವು ಆಧಾರವಾಗಿ ಹಿಡಿಯಬೇಕಾಗಿದೆ.

ಜನ ಹೆಚ್ಚಿದರು, ಆದ್ದರಿಂದ ನಗರ ಹಬ್ಬಿತು ಎಂಬ ವಿವರಣೆ ಸುಲಭವಾದುದು. ಆದರೆ ಅದು ಅರ್ಧಸತ್ಯ. ಹಬ್ಬುಗೆಯನ್ನು ನಿರ್ಣಯಿಸುವುದು ತಲೆಗಳ ಎಣಿಕೆಯೊಂದೇ ಅಲ್ಲ. ಬಂದವರು ಒಂಟಿಯಾಗಿ ಬಂದು ಹೋಗುವವರೋ, ಸಂಸಾರ ಕಟ್ಟಿಕೊಂಡು ನೆಲೆಸುವವರೋ ಎಂಬುದೂ ಅಷ್ಟೇ ಮುಖ್ಯ. ಮುಂಬಯಿಯ ಕಥೆಯನ್ನು ಈ ದೃಷ್ಟಿಯಿಂದ ಓದಿದಾಗ ನಮ್ಮವರ ಕಥೆಯೂ ಅದರೊಳಗೆ ತಾನಾಗಿ ಕಾಣಿಸಿಕೊಳ್ಳುತ್ತದೆ.

ಏಳು ದ್ವೀಪಗಳ ವೃತ್ತಾಂತ ಎಲ್ಲರಿಗೂ ತಿಳಿದುದೇ. 1661ರ ವಿವಾಹ ಒಪ್ಪಂದದಿಂದ ಇಂಗ್ಲೆಂಡಿನ ಅರಸನಿಗೆ ಬಂದ ಈ ನೆಲವನ್ನು 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿ ವರ್ಷಕ್ಕೆ ಹತ್ತು ಪೌಂಡು ಬಾಡಿಗೆಗೆ ಪಡೆಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮಹಾಲಕ್ಷ್ಮಿಯ ಬಳಿ ಹಾರ್ನ್‌ಬಿ ವೆಲಾರ್ಡ್ ಎಂಬ ಒಡ್ಡು ಸಿದ್ಧವಾಗಿ, ಕಡಲ ನೀರು ನುಗ್ಗುತ್ತಿದ್ದ ತಗ್ಗುನೆಲ ವಾಸಯೋಗ್ಯವಾಯಿತು. ಇಂದಿಗೂ ದ್ವೀಪನಗರದ ವಿಸ್ತೀರ್ಣ ಸುಮಾರು 68 ಚದರ ಕಿಲೋಮೀಟರು ಮಾತ್ರ. ಮೂರು ದಿಕ್ಕಿಗೆ ನೀರಿರುವ ಊರು ಬೆಳೆಯಬೇಕಾದರೆ ಉತ್ತರವೊಂದೇ ಗತಿ.

ಆ ಸಣ್ಣ ನೆಲದಲ್ಲಿ ಬಹುಕಾಲ ಬಾಳಿದವರು ಎಂಥವರು? 1864ರ ಎಣಿಕೆಯಲ್ಲಿ ನಗರದ ಜನಸಂಖ್ಯೆ 8,16,562 ಎಂದು ದಾಖಲಾಯಿತು. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಹತ್ತಿಯ ಬೆಲೆ ಗಗನಕ್ಕೇರಿದ್ದ ಕಾಲವದು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. 1872ರ ಗಣತಿಯಲ್ಲಿ ಉಳಿದವರು 6,44,405. ಅಂದರೆ ಐವರಲ್ಲಿ ಒಬ್ಬನಷ್ಟು ಜನ ಕಡಿಮೆಯಾಗಿದ್ದರು. 1896ರಲ್ಲಿ ಪ್ಲೇಗು ಬಂದಾಗಲೂ ಲಕ್ಷಾಂತರ ಮಂದಿ ಊರ ದಾರಿ ಹಿಡಿದರು. ಹಿಂದಿರುಗಲು ಒಂದು ಹಳ್ಳಿ, ಒಂದು ತುಂಡು ಹೊಲ, ಕಾಯುತ್ತಿರುವ ಒಂದು ಮನೆ ಇದ್ದವರ ನಗರವಾಗಿತ್ತು ಅದು. ಕೊಂಕಣದ ಗಿರಣಿ ಕಾರ್ಮಿಕನಿಗೆ ಮುಂಬಯಿ ದುಡಿಯುವ ತಾಣ, ಊರೆಂದರೆ ರತ್ನಾಗಿರಿಯೇ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ 1921ರ ಗಣತಿಯಲ್ಲಿದೆ. ಆ ವರ್ಷ ನಗರದಲ್ಲಿದ್ದ ನೂರು ಜನರಲ್ಲಿ ಇಲ್ಲೇ ಹುಟ್ಟಿದವರು 16 ಮಂದಿ ಮಾತ್ರ. ಸಾವಿರ ಗಂಡಸರಿಗೆ ಇದ್ದ ಹೆಂಗಸರು 525. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಕಾಲದ ಚಾಳು ಕಣ್ಣಿಗೆ ಕಟ್ಟುತ್ತದೆ. ಒಂದು ಖೋಲಿಯಲ್ಲಿ ಎಂಟೋ ಹತ್ತೋ ಗಂಡಸರು. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುವನು. ಊಟಕ್ಕೆ ಖಾನಾವಳಿ. ದಕ್ಷಿಣ ಕನ್ನಡದಿಂದ ಬಂದ ಹುಡುಗನಿಗಂತೂ ಆ ಖೋಲಿಯ ಪಾಲೂ ಬೇಕಾಗಿರಲಿಲ್ಲ. ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿದರೆ ಅದೇ ಅವನ ಹಾಸಿಗೆ. ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳು ಹುಟ್ಟಿದ್ದು ಇಂಥ ಹುಡುಗರಿಗಾಗಿ. ಕೆಲಸ, ನಿದ್ರೆ, ಪಾಠ ಎಲ್ಲವೂ ನಡೆದು ಹೋಗುವಷ್ಟು ಅಂತರದಲ್ಲಿದ್ದುವು. ದಟ್ಟಣೆ ಎಷ್ಟೇ ಇರಲಿ, ಇಂಥ ನಗರ ಹಬ್ಬುವುದಿಲ್ಲ, ಒಳಗೊಳಗೇ ಒತ್ತಿಕೊಳ್ಳುತ್ತದೆ.

ಮುಂದೆ ಆದದ್ದು ಒಂದು ಮೌನ ಪರಿವರ್ತನೆ. 1961ರ ವೇಳೆಗೆ ಸಾವಿರ ಗಂಡಸರಿಗೆ ಹೆಂಗಸರು 663 ಆದರು. ಇಲ್ಲಿಯೇ ಹುಟ್ಟಿದವರು ನೂರಕ್ಕೆ 36ರಷ್ಟಾದರು. 2011ರಲ್ಲಿ ಬೃಹನ್ಮುಂಬಯಿಯ ಸ್ತ್ರೀಪ್ರಮಾಣ 853. ಒಂಟಿ ಗಂಡಸರ ನಗರ ಸಂಸಾರಿಗಳ ನಗರವಾಯಿತು. ಹತ್ತು ಮಂದಿ ಮಲಗುತ್ತಿದ್ದ ಖೋಲಿಯಲ್ಲಿ ಈಗ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಊರಿನಿಂದ ಕರೆತಂದ ವೃದ್ಧೆ ತಾಯಿ. ಆ ಹತ್ತು ಮಂದಿಯೂ ಮದುವೆಯಾಗಿ ಹೆಂಡಿರನ್ನು ಕರೆತಂದರೆ ಒಂದು ಖೋಲಿಯ ಬದಲು ಹತ್ತು ಖೋಲಿಗಳು ಬೇಕು. ಹೊರಗಿನಿಂದ ಹೊಸಬನೊಬ್ಬ ಬಾರದಿದ್ದರೂ ನಗರ ಹಿಗ್ಗಲೇಬೇಕು. ಹೊರಗಿನವರು ಬಂದು ಮುಂಬಯಿಯನ್ನು ತುಂಬಿದರು ಎಂದು ಕಾಲಕಾಲಕ್ಕೆ ಎದ್ದ ಕೂಗಿನ ಬಿಸಿಯನ್ನು 1960ರ ದಶಕದಲ್ಲಿ ನಮ್ಮವರೂ ಉಂಡಿದ್ದಾರೆ. ಆ ಕೂಗು ಎಬ್ಬಿಸಿದವರು ಈ ಲೆಕ್ಕವನ್ನು ಮಾಡಿದಂತೆ ಕಾಣುವುದಿಲ್ಲ. ಮನೆಯ ಅಭಾವಕ್ಕೆ ಕಾರಣ ಬಂದವನಷ್ಟೇ ಅಲ್ಲ, ಬಂದು ನೆಲೆಯೂರಿದವನು. ಅವನ ಪಕ್ಕದ ಖೋಲಿಯಲ್ಲಿ ಹಾಗೆಯೇ ನೆಲೆಯೂರಿದ ಮರಾಠಿಗನೂ ಅದೇ ಲೆಕ್ಕದೊಳಗೆ ಬರುತ್ತಾನೆ.

ಹೊಸ ಸಂಸಾರಕ್ಕೆ ಮನೆ ಎಲ್ಲಿ? ದ್ವೀಪನಗರದಲ್ಲಿ ಅದು ದೊರೆಯದಂತೆ ಮಾಡಿದುದರಲ್ಲಿ 1947ರ ಬಾಡಿಗೆ ನಿಯಂತ್ರಣ ಕಾಯಿದೆಯ ಪಾಲು ದೊಡ್ಡದು. ಯುದ್ಧಕಾಲದ ಸುಲಿಗೆಯಿಂದ ಬಾಡಿಗೆದಾರನನ್ನು ಕಾಪಾಡುವ ಸದುದ್ದೇಶ ಅದಕ್ಕಿತ್ತು. ಆದರೆ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿ, ದಶಕಗಳ ಕಾಲ ಬಿಚ್ಚದೆ ಬಿಟ್ಟಾಗ ಎರಡು ಪರಿಣಾಮಗಳಾದುವು. ಇದ್ದ ಕಟ್ಟಡವನ್ನು ದುರಸ್ತಿ ಮಾಡಿಸಲು ಮಾಲೀಕನಿಗೆ ಮನಸ್ಸಿಲ್ಲದಾಯಿತು. ಬಾಡಿಗೆಗೆಂದು ಹೊಸ ಚಾಳು ಕಟ್ಟಿಸುವವರೇ ಇಲ್ಲದಾದರು. ಹಳೆಯ ಬಾಡಿಗೆದಾರ ಜಾಗ ಬಿಡನು. ಬಿಟ್ಟರೆ ಪಗಡಿ ಎಂಬ ದೊಡ್ಡ ಮೊತ್ತ ಕೈಬದಲಾಗಬೇಕು. ಹೀಗಾಗಿ 1950ರ ಅನಂತರ ಸಂಸಾರ ಹೂಡಿದ ಗುಮಾಸ್ತೆಗೆ, ಶಿಕ್ಷಕನಿಗೆ, ಹೋಟೆಲ್ ಮ್ಯಾನೇಜರನಿಗೆ ಉಳಿದ ಮಾರ್ಗ ಸಾಲ ಮಾಡಿ ಸ್ವಂತ ಫ್ಲಾಟು ಕೊಳ್ಳುವುದು. ಸಾಲ ನಿಲುಕುವ ಕಡೆ ಎಂದರೆ ರೈಲುಹಳಿಯ ಪಕ್ಕದ ಅಗ್ಗದ ನೆಲ. ಆ ಸಾಲವೂ ನಿಲುಕದವನು ಕೆಲಸದ ಹತ್ತಿರವೇ ಝೋಪಡಿ ಕಟ್ಟಿದನು. 2011ರಲ್ಲಿ ಬೃಹನ್ಮುಂಬಯಿಯ ನೂರು ಜನರಲ್ಲಿ ನಾಲ್ವತ್ತಕ್ಕೂ ಮಿಕ್ಕವರು ಝೋಪಡಪಟ್ಟಿಗಳಲ್ಲಿದ್ದರು. ದೂರದ ಫ್ಲಾಟು ಮತ್ತು ಹತ್ತಿರದ ಝೋಪಡಿ ಒಂದೇ ಅಭಾವದ ಎರಡು ಮುಖಗಳು.

ಹಳಿಗಳು ಮೊದಲೇ ಸಿದ್ಧವಾಗಿದ್ದುವು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 21 ಮೈಲಿ ಓಡಿದ ಮೊದಲ ಗಾಡಿಯನ್ನು ಹಾಕಿದುದು ನೌಕರರ ಪ್ರಯಾಣಕ್ಕಾಗಿ ಅಲ್ಲ, ಒಳನಾಡಿನ ವ್ಯಾಪಾರಕ್ಕಾಗಿ. 1925ರಲ್ಲಿ ವಿದ್ಯುತ್ ಗಾಡಿ ಬಂದಾಗ ಉಪನಗರ ವಾಸ ಸಾಧ್ಯವಾಯಿತು. ನಡುವೆ ಒಂದು ಒಳ್ಳೆಯ ಪ್ರಯತ್ನವೂ ನಡೆದಿತ್ತು. ಪ್ಲೇಗಿನ ಪಾಠ ಕಲಿತು 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ದಾದರ, ಮಾಟುಂಗಾ, ವಡಾಲಾಗಳಲ್ಲಿ ಬೀದಿ, ಉದ್ಯಾನ, ಚರಂಡಿಗಳನ್ನು ಮೊದಲು ಹಾಕಿ ಅನಂತರ ಮನೆಗಳಿಗೆ ಎಡೆಗೊಟ್ಟಿತು. ಮಾಟುಂಗಾದ ನೆರಳು ಬೀದಿಗಳಲ್ಲಿ ದಕ್ಷಿಣದವರು ನೆಲೆಸಿ ಬಾಳಿದುದು ಆ ಮುಂದಾಲೋಚನೆಯ ಫಲ. ಆಮೇಲಿನ ಉಪನಗರಗಳಲ್ಲಿ ಕ್ರಮ ತಲೆಕೆಳಗಾಯಿತು. ಮನೆ ಮೊದಲು, ರಸ್ತೆ ಆಮೇಲೆ, ಚರಂಡಿ ಎಂದಾದರೊಂದು ದಿನ.

ನಗರದ ಆಡಳಿತ ಗಡಿ 1950ರಲ್ಲಿ ಜೋಗೇಶ್ವರಿಯ ವರೆಗೂ 1957ರಲ್ಲಿ ದಹಿಸರ, ಮುಲುಂಡಗಳ ವರೆಗೂ ಸರಿಯಿತು. ಆಮೇಲೆ ಗಡಿ ನಿಂತಿತು, ಜನ ನಿಲ್ಲಲಿಲ್ಲ. 2001ರಿಂದ 2011ರ ನಡುವೆ ಉಪನಗರ ಜಿಲ್ಲೆ ನೂರಕ್ಕೆ ಎಂಟರಷ್ಟು ಮಾತ್ರ ಬೆಳೆದರೆ ಅಂದಿನ ಠಾಣೆ ಜಿಲ್ಲೆ 81 ಲಕ್ಷದಿಂದ 110 ಲಕ್ಷಕ್ಕೆ, ನೂರಕ್ಕೆ 36ರಷ್ಟು ಬೆಳೆಯಿತು. ದ್ವೀಪದಲ್ಲಿ 1971ರ ಸುಮಾರಿಗೆ ನಿಂತ ಅಲೆ ಉಪನಗರದಲ್ಲಿ 2011ಕ್ಕೆ ಇಳಿಯುತ್ತಿತ್ತು. ಅದರ ನೊರೆ ಆಗ ಕಲ್ಯಾಣ–ಡೊಂಬಿವಲಿಯಲ್ಲಿ, ವಸಾಯಿ–ವಿರಾರದಲ್ಲಿ. ಇವೆರಡೂ ತಲಾ ಹನ್ನೆರಡು ಲಕ್ಷ ಜನರ ನಗರಗಳಾಗಿದ್ದುವು.

ಉದ್ಯೋಗವೂ ಜನರೊಂದಿಗೆ ಹೊರಟಿದ್ದರೆ ಕಷ್ಟ ಇಷ್ಟಿರುತ್ತಿರಲಿಲ್ಲ. 1982ರ ಜನವರಿಯಲ್ಲಿ ಆರಂಭವಾದ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಬಹು ಮಂದಿ ಮತ್ತೆ ಒಳಗೆ ಹೋಗಲಿಲ್ಲ. ಪರೇಲ, ಲಾಲಬಾಗಗಳ ಗಿರಣಿ ನೆಲದ ಮೇಲೆ ಎದ್ದದ್ದು ಕಚೇರಿಗಳು ಮತ್ತು ಶ್ರೀಮಂತರ ಗೋಪುರಗಳು. ಕಾರ್ಮಿಕರ ಮಕ್ಕಳು ಹೊರಗೆ ಮನೆ ಹುಡುಕಿ, ಅದೇ ನೆಲದ ಮೇಲಿನ ಕಚೇರಿಗಳಿಗೆ ದೂರದಿಂದ ದುಡಿಯಲು ಬರುವವರಾದರು. ದ್ವೀಪನಗರದಲ್ಲಿ ಕಟ್ಟಡಗಳು ಎತ್ತರವಾಗುತ್ತ ಜನ ಏಕೆ ಕಡಿಮೆಯಾದರು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಹತ್ತು ಮಂದಿ ಬಾಳಿದಷ್ಟು ಜಾಗದಲ್ಲಿ ಈಗ ಇಬ್ಬರು ಬಾಳುತ್ತಾರೆ, ಇಲ್ಲವೆ ಯಾರೂ ಬಾಳದೆ ಬರಿಯ ಮೇಜುಗಳಿವೆ.

ಇದನ್ನು ಮುಂಗಂಡವರು ಇರಲಿಲ್ಲವೆಂದಲ್ಲ. 1948ರಲ್ಲಿ ಮೋಡಕ್ ಮತ್ತು ಮೇಯರ್ ಬೃಹನ್ಮುಂಬಯಿಗೆ ಒಂದು ಯೋಜನೆಯ ರೂಪರೇಖೆ ಕೊಟ್ಟರು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ್ ಪಟೇಲ್ ಕೊಲ್ಲಿಯಾಚೆ ಅವಳಿ ನಗರ ಕಟ್ಟಬೇಕೆಂದು ಸೂಚಿಸಿದರು. ಸರಕಾರಿ ಕಚೇರಿಗಳು ಆಚೆ ಹೋದರೆ ಜನ ಹಿಂಬಾಲಿಸುವರು ಎಂಬುದು ಅವರ ವಿಚಾರದ ಜೀವಾಳ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ಕಟ್ಟಲಾರಂಭವಾಯಿತು. ಆದರೆ ರಾಜ್ಯದ ಸಚಿವಾಲಯ ಇದ್ದಲ್ಲೇ ಉಳಿಯಿತು. ಅದರ ಪಕ್ಕದಲ್ಲೇ ನಾರೀಮನ್ ಪಾಯಿಂಟಿನಲ್ಲಿ ಕಡಲು ತುಂಬಿಸಿ ಕಚೇರಿಗಳ ಹೊಸ ಸಾಲು ಎದ್ದಿತು. ವಾಶಿಗೆ ಉಪನಗರ ರೈಲು ತಲುಪಿದುದು 1992ರಲ್ಲಿ. ಇಪ್ಪತ್ತೆರಡು ವರ್ಷ ಹಳಿಯಿಲ್ಲದ ನಗರಕ್ಕೆ ಹೋಗಿರೆಂದು ಜನರಿಗೆ ಹೇಳಿದಂತಾಯಿತು. ಇದು ಯೋಜನೆಯ ದೋಷವೆನ್ನುವುದಕ್ಕಿಂತ ಯೋಜನೆಯನ್ನು ಒಪ್ಪಿಕೊಂಡವರ ಅಪ್ರಾಮಾಣಿಕತೆ ಎನ್ನುವುದು ಸರಿಯಾದೀತು.

ಹಬ್ಬುಗೆಯ ಬೆಲೆ ತೆರುವವರು ಯಾರು? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದಾಗ ಕೊಲಾಬಾದಲ್ಲಿ ಬಿದ್ದುದು 73 ಮಿಲಿಮೀಟರು ಮಾತ್ರ. ಅಷ್ಟು ಮಳೆಯನ್ನು ಯಾವ ಚರಂಡಿಯೂ ಹೊರಲಾರದು, ನಿಜ. ಆದರೆ ಉಪನಗರದ ನೀರನ್ನು ಕಡಲಿಗೊಯ್ಯುವ ಮೀಠಿ ನದಿಯ ದಂಡೆಗಳು ಅಷ್ಟರೊಳಗೆ ಕಟ್ಟಡಗಳಿಂದಲೂ ಝೋಪಡಿಗಳಿಂದಲೂ ಕಿರಿದಾಗಿದ್ದುವು. ಕುಡಿಯುವ ನೀರಿನ ಸಂಗತಿ ಇನ್ನೂ ವಿಚಿತ್ರ. 1860ರಲ್ಲಿ ವಿಹಾರ ಕೆರೆಯಿಂದ ತೃಪ್ತವಾಗಿದ್ದ ನಗರ ಕ್ರಮೇಣ ತಾನಸಾ, ವೈತರಣಾ, ಭಾತಸಾಗಳ ವರೆಗೆ ಕೈಚಾಚಿ ಈಗ ದಿನಕ್ಕೆ ಸುಮಾರು 385 ಕೋಟಿ ಲೀಟರು ತರುತ್ತದೆ. ಈ ಜಲಾಶಯಗಳ ನೆಲೆಯಾದ ಶಹಾಪುರ ತಾಲೂಕಿನ ಆದಿವಾಸಿ ಹಳ್ಳಿಗಳು ಬೇಸಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತವೆ.

ಇನ್ನು ರೈಲು. ಈಚಿನ ವರ್ಷಗಳಲ್ಲಿ ಉಪನಗರ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಹಳಿ ದಾಟುವಾಗ ಕೆಲವರು, ತುಂಬಿದ ಗಾಡಿಯಿಂದ ಬಿದ್ದು ಕೆಲವರು. ಯುದ್ಧವೊಂದರ ವರದಿಯಂತಿರುವ ಈ ಅಂಕಿಯನ್ನು ನಾವು ಪತ್ರಿಕೆಯಲ್ಲಿ ಓದಿ ಪುಟ ಮಗುಚುತ್ತೇವೆ.

ನಮ್ಮ ಸಂಘಸಂಸ್ಥೆಗಳ ವಿಚಾರವನ್ನೂ ಈ ಬೆಳಕಿನಲ್ಲಿ ನೋಡಬೇಕು. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಶನ್ (1926), ಮಾಹೀಮದಲ್ಲಿ ಕರ್ನಾಟಕ ಸಂಘ (1933) ನೆಲೆಗೊಂಡ ಪ್ರದೇಶ ಒಂದು ಕಾಲದಲ್ಲಿ ಉತ್ತರದ ಅಂಚು. ಕೋಟೆ ಪ್ರದೇಶದಿಂದ ಮನೆಗೆ ಮರಳುವವನಿಗೆ ದಾರಿಯಲ್ಲೇ ಸಿಕ್ಕುತ್ತಿದ್ದ ತಾಣ. ಕಚೇರಿ ಮುಗಿಸಿ, ಕಾಫಿ ಕುಡಿದು, ಉಪನ್ಯಾಸ ಕೇಳಿ, ಊಟದ ಹೊತ್ತಿಗೆ ಮನೆ ಸೇರಬಹುದಾಗಿತ್ತು. ಇಂದು ಸಭಾಂಗಣ ಅಲ್ಲೇ ಇದೆ. ಕೇಳುಗ ಡೊಂಬಿವಲಿಗೆ, ನಾಲಾಸೋಪಾರಾಕ್ಕೆ, ಪನ್ವೇಲಿಗೆ ಹೋಗಿದ್ದಾನೆ. ಆರು ಗಂಟೆಯ ಸಭೆ ಆರೂವರೆಗೆ ಆರಂಭವಾದರೆ ಎಂಟಕ್ಕೆ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ಸಾಹಿತ್ಯಾಭಿರುಚಿ ಕುಂದಿತೆಂದು ಭಾಷಣಕಾರರು ನೊಂದುಕೊಳ್ಳುವುದುಂಟು. ಕುಂದಿದುದು ಅಭಿರುಚಿಯಲ್ಲ, ವಿರಾರದ ವರೆಗೆ ನಿಂತು ಹೋಗಬೇಕಾದವನ ಕಾಲಿನ ಶಕ್ತಿ. ಮೇಜಿನ ಮೇಲೆ ಮಲಗುತ್ತಿದ್ದ ಹುಡುಗ ರಾತ್ರಿಶಾಲೆಗೆ ಬಂದನು; ಅವನ ಮೊಮ್ಮಗಳು ಅದೇ ಶಾಲೆಗೆ ಬಾರದಿದ್ದರೆ ಭಾಷಾಭಿಮಾನದ ಕೊರತೆಯನ್ನು ಮೊದಲು ಆರೋಪಿಸುವುದು ನ್ಯಾಯವಲ್ಲ.

ಸಂಘಗಳ ಕಾರ್ಯದರ್ಶಿಗಳಿಗೆ ಒಂದು ಸಣ್ಣ ಕೆಲಸ ಸೂಚಿಸಬಹುದು. ಸದಸ್ಯರ ಪಟ್ಟಿಯಲ್ಲಿರುವ ಪಿನ್ ಸಂಖ್ಯೆಗಳ ಮೊದಲ ಮೂರು ಅಂಕಿಗಳನ್ನು ಬೇರ್ಪಡಿಸಿ ನೋಡಲಿ. ಮುಂಬಯಿ, ಠಾಣೆ, ನವಿ ಮುಂಬಯಿಗಳದು 400. ಮೀರಾ ರಸ್ತೆ, ವಸಾಯಿ, ವಿರಾರಗಳದು 401. ಕಲ್ಯಾಣ, ಡೊಂಬಿವಲಿಗಳದು 421. ಕೊನೆಯ ಎರಡು ಗುಂಪುಗಳಲ್ಲಿ ಎಷ್ಟು ಹೆಸರುಗಳಿವೆ, ಅವುಗಳಲ್ಲಿ ಎಷ್ಟು ಮಂದಿ ಕಳೆದ ವರ್ಷ ಒಂದು ಸಭೆಗಾದರೂ ಬಂದಿದ್ದರು ಎಂದು ಎಣಿಸಲು ಒಂದು ಸಂಜೆ ಸಾಕು. ಮುಂದಿನ ವರ್ಷದ ಉಪನ್ಯಾಸಮಾಲೆಯಲ್ಲಿ ಒಂದೆರಡನ್ನು ಯಾವ ನಿಲ್ದಾಣದ ಬಳಿ ಇಡಬೇಕೆಂಬುದು ಆ ಎಣಿಕೆಯಿಂದಲೇ ಗೊತ್ತಾದೀತು.